ಶೇಂಗಾ ಚಟ್ನಿ ಚೀನಾಕ್ಕೆ ಹೋದದ್ದು

ಚೀನಿ ಟೈಪ್ ಮಾಡುವ ಕೀಬೋರ್ಡಿಗೆ ಮೂರು ನಾಲ್ಕು ಸಾವಿರ ಗುಂಡಿ ಇರುತ್ತವೆ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಹುಬ್ಬಳ್ಳಿಯ ಉಣಕಲ್‌ನಲ್ಲಿ ನನ್ನ ಅಕ್ಕನ ಪಕ್ಕದ ಮನೆಯಲ್ಲಿರುವ ರಿಟೈರ್ಡ್ ಮಾಸ್ತರರಂತೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. "ಒಬ್ಬನಿಂದ ಆಗೂ ಕೆಲಸ ಅಲ್ರಿ ಅದು. ಇಬ್ರು ಕುಂದರಬೇಕು. ಒಬ್ಬ ಹುಡುಕ್ತಾನ, ಇನ್ನೊಬ್ಬ ಒತ್ತತಾನ."

ಮಾಸ್ತರರ ಮಾತು ಪೂರ್ತಿ ಗಾಳಿಮಾತೂ ಅಲ್ಲ. ಹಳೆಯ ಚೀನಿ ಟೈಪ್‌ರೈಟರ್‌ನಲ್ಲಿ ಕೀಬೋರ್ಡೇ ಇರಲಿಲ್ಲ. ಸುಮಾರು 2,500 ಅಚ್ಚುಮೊಳೆ ಜೋಡಿಸಿದ ಒಂದು ದೊಡ್ಡ ತಟ್ಟೆ ಇರುತ್ತಿತ್ತು. ಬೇಕಾದ ಮೊಳೆ ಎಲ್ಲಿದೆ ಅಂತ ಹುಡುಕಿ, ಎತ್ತಿ, ಕಾಗದಕ್ಕೆ ಒತ್ತಬೇಕು. ಈಗ ಆ ಕಷ್ಟ ಇಲ್ಲ. ಅಕ್ಕ ಬಿಲ್ ಹೊಡೆಯುವ ಕೀಬೋರ್ಡೇ ಸಾಕು. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕಂಪ್ಯೂಟರ್ ಚೀನಿ ಅಕ್ಷರ ತೋರಿಸುತ್ತದೆ. ಹೀಗೆ ಚೀನಿ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಎನ್ನುತ್ತಾರೆ. ಚೀನಾ ಇದನ್ನು 1958ರಲ್ಲಿ ಒಪ್ಪಿಕೊಂಡಿತು. ಇದನ್ನು ರೂಪಿಸಿದವರಲ್ಲಿ ಮುಖ್ಯರಾದ ಝೌ ಯೂಗುವಾಂಗ್ ಮೊದಲು ಬ್ಯಾಂಕಿನಲ್ಲಿದ್ದವರು. 111 ವರ್ಷ ಬದುಕಿ 2017ರಲ್ಲಿ ತೀರಿಕೊಂಡರು. ಬ್ಯಾಂಕಿನವರ ಕೆಲಸ ಅಲ್ವಾ, ಒಂದು ಸಲ ಬರೆದುಕೊಟ್ಟರೆ ಮುಗಿಯುವುದಿಲ್ಲ. ಆಮೇಲೆ ನಮಗೆ ಬೇಕಾದ ಅಕ್ಷರ ಇದೇ ಅಂತ ಖಾತ್ರಿಯನ್ನೂ ಮಾಡಬೇಕು.

ಇದೆಲ್ಲ ನನಗೆ ಅಂಟಿಕೊಂಡದ್ದು ಅಕ್ಕನ ಮಗಳಿಂದ. ಅವಳು ಆನ್‌ಲೈನ್‌ನಲ್ಲಿ ಚೀನಿ ಕಲಿಯುತ್ತಿದ್ದಾಳೆ. ಎಚ್‌ಎಸ್‌ಕೆ ಅನ್ನುವ ಚೀನಿ ಭಾಷೆಯ ಪರೀಕ್ಷೆ ಕಟ್ಟುವ ಆಸೆ. ಅದನ್ನು ಕಂಪ್ಯೂಟರ್‌ನಲ್ಲಿ ಬರೆಯುವವರು ಬರವಣಿಗೆ ಭಾಗದ ಉತ್ತರವನ್ನು ಟೈಪೇ ಮಾಡಬೇಕು. ಮನೆಯಲ್ಲಿರುವುದು ಹಳೇ ಕಂಪ್ಯೂಟರ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಿತು, 11ನ್ನು ಹೊರುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿದ್ದರು. ಅದೇ ಕಂಪ್ಯೂಟರ್‌ನಲ್ಲಿ ಅಕ್ಕನ ಖಡಕ್ ರೊಟ್ಟಿ, ಚಟ್ನಿಪುಡಿ ವ್ಯಾಪಾರದ ಬಿಲ್ಲೂ ಆಗುತ್ತದೆ. "ಮಾಮಾ, ನೀನ ಬಂದು ಮಾಡಿಕೊಡು" ಅಂತ ಫೋನ್ ಬಂತು. ನಾನು ಧಾರವಾಡದಿಂದ ಚಿಗರಿ ಬಸ್ ಹತ್ತಿದೆ.

ಹೋಗುವಷ್ಟರಲ್ಲಿ ಅವಳು ಅರ್ಧ ಕೆಲಸ ಮುಗಿಸಿದ್ದಳು. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರಲ್ಲಿ ಇನ್‌ಪುಟ್ ಸೋರ್ಸಸ್, ಅಲ್ಲಿ ಪ್ಲಸ್ ಗುರುತು ಒತ್ತಿ ಚೈನೀಸ್ ಸೇರಿಸಿದ್ದಳು. ಆದರೆ ನಿಹಾವ್, ಅಂದರೆ ಚೀನಿಯ ನಮಸ್ಕಾರ, ಹೊಡೆದರೆ ಪರದೆ ಮೇಲೆ ಅದೇ ಐದು ಇಂಗ್ಲಿಷ್ ಅಕ್ಷರ ಬರುತ್ತಿದ್ದವು. ಮಾಸ್ತರರು ಕನ್ನಡಕ ಏರಿಸಿ ನೋಡಿ, "ಇದು ಇಂಗ್ಲಿಷ್ ಆತಲ್ಲವಾ" ಎಂದರು.

ಲಿನಕ್ಸ್‌ನಲ್ಲಿ ಹೊಸಬರೆಲ್ಲ ಎಡವುವ ಹೊಸ್ತಿಲು ಇದೇ. ಆ ಪಟ್ಟಿಯಲ್ಲಿ ಬರೀ 'ಚೈನೀಸ್' ಅಂತ ಇರುವುದು ಸುಮ್ನೆ ಕೀಲಿಗಳ ಜೋಡಣೆ. ಅದರಿಂದ ಒಂದು ಚೀನಿ ಅಕ್ಷರವೂ ಹುಟ್ಟುವುದಿಲ್ಲ. ನಮಗೆ ಬೇಕಾದ್ದು 'ಚೈನೀಸ್, ಇಂಟೆಲಿಜೆಂಟ್ ಪಿನ್‌ಯಿನ್'. ಅದು ಪಟ್ಟಿಯಲ್ಲಿ ಕಾಣಬೇಕಾದರೆ ಮೊದಲು ಐಬಸ್-ಲಿಬ್‌ಪಿನ್‌ಯಿನ್ ಅನ್ನುವ ಪ್ಯಾಕೇಜ್ ಹಾಕಿರಬೇಕು. ಇಂಥ ಭಾಷೆ ಟೈಪ್ ಮಾಡಿಸುವ ಸಾಫ್ಟ್‌ವೇರ್ ಯಾವುದು ಅಂತ ಇಂಟರ್‌ನೆಟ್‌ನಲ್ಲಿ ಕೇಳಿದರೆ ಅರ್ಧ ಜನ ಐಬಸ್ ಅನ್ನುತ್ತಾರೆ, ಇನ್ನರ್ಧ ಎಫ್‌ಸಿಐಟಿಎಕ್ಸ್ ಅನ್ನುತ್ತಾರೆ. ಎರಡನ್ನೂ ಹಾಕಿ ಕೂತರೆ ಒಂದರ ಕಾಲು ಇನ್ನೊಂದು ಎಳೆಯುವ ಸಂಭವವೇ ಜಾಸ್ತಿ. ಉಬುಂಟು ಜೊತೆ ಐಬಸ್ ಮೊದಲೇ ಬಂದಿರುತ್ತದೆ. ನನ್ನ ಮಾತು ಕೇಳುವುದಾದರೆ ಹೊಸಬರು ಅದನ್ನೇ ಹಿಡಿದುಕೊಳ್ಳಿ.

ಕಮಾಂಡ್ ಹೊಡೆಯುವ ಟರ್ಮಿನಲ್ ತೆರೆದು 'ಸುಡೋ ಆಪ್ಟ್ ಇನ್‌ಸ್ಟಾಲ್' ಅಂತ ಶುರು ಮಾಡಿದೆವು. ಪಾಸ್‌ವರ್ಡ್ ಕೇಳಿತು. ಹುಡುಗಿ ಹೊಡೆದಳು. ಪರದೆ ಮೇಲೆ ಒಂದು ಚುಕ್ಕಿಯೂ ಬೀಳಲಿಲ್ಲ. ಲಿನಕ್ಸ್‌ನಲ್ಲಿ ಬಹಳ ಕಡೆ ಹೀಗೇ ಇರುವುದು, ಎಷ್ಟು ಅಕ್ಷರ ಅನ್ನುವುದೂ ಪಕ್ಕದವರಿಗೆ ತಿಳಿಯಬಾರದಂತೆ. ಇದನ್ನು ನಾನು ವಿವರಿಸುವುದರೊಳಗೆ ಅಡಿಗೆ ಮನೆಯಿಂದ ಅಕ್ಕ ಬಂದು, "ಕೀಬೋರ್ಡ್ ಹೋಗೇತಿ. ನಿನ್ನೆ ಹಿಟ್ಟು ಬಿದ್ದಿತ್ತು" ಎಂದು ಅದನ್ನು ಎತ್ತಿ, ಬೋರಲು ಹಾಕಿ, ಬೆನ್ನಿಗೆ ನಾಲ್ಕು ಬಡಿದಳು. ಜೋಳದ ಹಿಟ್ಟು ನಿಜವಾಗಿಯೂ ಉದುರಿತು. ಆ ಬಡಿತಕ್ಕೆ ಯಾವ್ಯಾವ ಗುಂಡಿ ಒತ್ತಿದವೋ, 'ಸಾರಿ, ಟ್ರೈ ಅಗೇನ್' ಎಂದು ಬಂತು.

ಎರಡನೇ ಸಲ ಸರಿಯಾಯಿತು. ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಮನೆಯಲ್ಲಿ ಇನ್ವರ್ಟರ್ ಇದೆ. ಆದರೆ ಅದಕ್ಕೆ ಜೋಡಿಸಿರುವುದು ರೊಟ್ಟಿ ಪಾಕೀಟು ಸೀಲ್ ಮಾಡುವ ಮಷಿನ್. ಕಂಪ್ಯೂಟರ್‌ಗೆ ಆ ಭಾಗ್ಯವಿಲ್ಲ. ಕತ್ತಲಲ್ಲಿ ಕೂತು ಮಷಿನ್ನಿನ ಟಕ್ ಟಕ್ ಕೇಳುತ್ತ ಚಹಾ ಕುಡಿದೆವು. ಕರೆಂಟ್ ಬಂದ ಮೇಲೆ ಮತ್ತೆ ಅದೇ ಕಮಾಂಡ್ ಕೊಟ್ಟರೆ, ಹಿಂದಿನ ಕೆಲಸ ಅರ್ಧಕ್ಕೆ ನಿಂತಿದೆ, 'ಸುಡೋ ಡಿಪಿಕೆಜಿ, ಕಾನ್ಫಿಗರ್' ಅಂತ ಶುರುವಾಗುವ ಕಮಾಂಡ್ ಹೊಡೆದು ಮೊದಲು ಅದನ್ನು ಸರಿಮಾಡಿ ಎಂದು ಕಂಪ್ಯೂಟರ್ ತಾನೇ ಹೇಳಿತು. ಲಿನಕ್ಸ್ ಬೈಯುವುದು ಜಾಸ್ತಿ, ನಿಜ. ಆದರೆ ಬೈಗುಳದ ಕೊನೇ ಸಾಲಿನಲ್ಲಿ ಔಷಧಿಯನ್ನೂ ಬರೆದಿರುತ್ತದೆ. ಅಷ್ಟು ದೂರ ಯಾರೂ ಓದುವುದಿಲ್ಲ, ಅಷ್ಟೇ.

ಲಾಗ್‌ಔಟ್ ಆಗಿ ಮತ್ತೆ ಒಳಗೆ ಬಂದೆವು. ಇದನ್ನು ಬಿಟ್ಟರೆ ಹೊಸ ಭಾಷೆ ಪಟ್ಟಿಗೆ ಬರದೆ ಸತಾಯಿಸುತ್ತದೆ. ಇಂಟೆಲಿಜೆಂಟ್ ಪಿನ್‌ಯಿನ್ ಸೇರಿಸಿ, ವಿಂಡೋಸ್ ಚಿತ್ರದ ಗುಂಡಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದಳು. ನಿಹಾವ್ ಹೊಡೆದಳು. ಕೆಳಗೆ ಪುಟ್ಟ ಪಟ್ಟಿ ತೆರೆಯಿತು. ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು.

ಆ ಪಟ್ಟಿಯದೇ ಒಂದು ತಮಾಷೆ. ದುರ್ಗದ ಬೈಲ್‌ನಲ್ಲಿ ಇಳಕಲ್ ಸೀರೆ ಕೊಳ್ಳಲು ಹೋದರೆ ಅಂಗಡಿಯವನು ಒಂದು ಸಲಕ್ಕೆ ನಾಲ್ಕೈದು ಬಿಚ್ಚಿ ಹಾಸುತ್ತಾನಲ್ಲ, ಇದೂ ಹಾಗೇ. ಐದೈದು ಅಕ್ಷರ ಮುಂದೆ ಹಾಕಿ, ಇದಾ, ಇದಾ ಅಂತ ಕೇಳುತ್ತದೆ. ಬೇಕಾದ್ದರ ನಂಬರ್ ಒತ್ತಬೇಕು, ಬ್ಯಾಡಾದರೆ ಮುಂದಿನ ಐದು. 'ಮಾ' ಎಂಬ ಒಂದೇ ಸದ್ದಿಗೆ ತಾಯಿ, ಕುದುರೆ, ಸೆಣಬು, ಬೈಯುವುದು ಎಲ್ಲ ಸಾಲಾಗಿ ನಿಲ್ಲುತ್ತವೆ. ಹುಡುಗಿಗೆ ಹೋಮ್‌ವರ್ಕ್ ಇದ್ದದ್ದು 'ನನ್ನ ತಾಯಿ' ಅಂತ ಐದು ಸಾಲು ಬರೆಯುವುದು. ಗಡಿಬಿಡಿಯಲ್ಲಿ ಪಕ್ಕದ ನಂಬರ್ ಒತ್ತಿ, ತಾಯಿ ಹೋಗಿ ಕುದುರೆ ಬಂದಿತ್ತು. "ಏನ್ ಬರದಿ ನನ್ನ ಬಗ್ಗೆ?" ಎಂದು ಅಕ್ಕ ಕೇಳಿದಾಗ ನಾವಿಬ್ಬರೂ ಕಿಟಕಿ ಕಡೆ ನೋಡಿದೆವು. ಒಂಟಿ ಅಕ್ಷರದ ಬದಲು ಇಡೀ ಮಾತನ್ನೇ ಹೊಡೆದರೆ ಈ ಫಜೀತಿ ಎಷ್ಟೋ ಕಡಿಮೆ. 'ಮಾಮಾ' ಅಂತ ಪೂರ್ತಿ ಹೊಡೆದರೆ ತಾಯಿಯೇ ಮುಂದೆ ಬಂದು ನಿಲ್ಲುತ್ತಾಳೆ. ಚೀನಿಯಲ್ಲಿ ಹಾಗೆ ಕರೆಯುವುದು ನನ್ನಂಥ ಸೋದರಮಾವನನ್ನಲ್ಲ, ಹೆತ್ತವಳನ್ನು. ಇನ್ನೊಂದು ಕಿವಿಮಾತು. ಹೆಣ್ಣು ಅನ್ನುವ ಪದದ 'ಯೂ' ಮೇಲೆ ಎರಡು ಚುಕ್ಕಿ ಇರುತ್ತದೆ. ಆ ಚುಕ್ಕಿ ಎಲ್ಲಿ ಅಂತ ಕೀಬೋರ್ಡ್ ಪೂರ್ತಿ ಜಾಲಾಡಬೇಡಿ. ಅದರ ಬದಲು ವಿ ಒತ್ತಿ.

ಹೋಮ್‌ವರ್ಕನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಝೆರಾಕ್ಸ್ ಅಂಗಡಿಗೆ ಹೋದರೆ ಅಲ್ಲಿ ಬರೀ ಚೌಕಗಳು ಪ್ರಿಂಟ್ ಆದವು. ಆ ಕಂಪ್ಯೂಟರ್‌ನಲ್ಲಿ ಚೀನಿ ಫಾಂಟ್ ಇರಲಿಲ್ಲ. "ಯಾವ ಆಫೀಸಿನ ಫಾರ್ಮ್ ರೀ ಇದು? ತುಂಬದ ಹಂಗ ತಂದೀರಲ್ಲ" ಎಂದ ಹುಡುಗ. ಮನೆಯಲ್ಲಿ ಅಕ್ಷರ ಚೆನ್ನಾಗಿ ಕಂಡದ್ದು ನೋಟೊ ಸಿಜೆಕೆ ಫಾಂಟ್‌ನಿಂದ. ಗೂಗಲ್ ಮತ್ತು ಅಡೋಬಿ ಸೇರಿ 2014ರಲ್ಲಿ ಬಿಟ್ಟದ್ದು. ಒಂದು ಫಾಂಟ್ ಫೈಲ್‌ನಲ್ಲಿ ಹಿಡಿಸುವಷ್ಟೂ, ಅಂದರೆ 65,535 ಆಕಾರ ತುರುಕಿದ್ದಾರೆ. ಪಿಡಿಎಫ್ ಮಾಡಿಕೊಂಡು ಹೋದರೆ ಫಾಂಟ್ ಅದರೊಳಗೇ ಕೂತು ಬರುತ್ತದೆ. ಹಾಗೇ ಮಾಡಿ ಗೆದ್ದೆವು.

ನಾನು ಧಾರವಾಡಕ್ಕೆ ವಾಪಸ್ಸಾದೆ. ಮರುದಿನ ಬೆಳಿಗ್ಗೆಯೇ ಅಕ್ಕನ ಫೋನ್. "ತಮ್ಮಾ, ಕಂಪ್ಯೂಟರ್ ಚೀನಾಕ್ಕ ಹೋಗೇತಿ, ತಿರುಗಿ ಬರವಲ್ದು."

ಹುಡುಗಿ ಪಿನ್‌ಯಿನ್ ಬಿಟ್ಟು ಹೊರಬರದೆ ಕ್ಲಾಸಿಗೆ ಹೋಗಿದ್ದಳು. ಅಕ್ಕ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಬಿಲ್ ಶುರು ಮಾಡಿದ್ದಳು. ಮೊದಲ ಐಟಂ ಶೇಂಗಾ ಚಟ್ನಿ. ನಮ್ಮ ಶೇಂಗಾ ಪಿನ್‌ಯಿನ್‌ಗೆ ಹೇಳಿ ಮಾಡಿಸಿದ್ದು. ಶೆಂಗ್ ಒಂದು, ಆ ಒಂದು, ಎರಡೂ ಪಕ್ಕಾ ಚೀನಿ ಸದ್ದು. ಹುಣಸೆಯೂ ಅಷ್ಟೇ, ಹು, ನ, ಸೆ ಮೂರೂ ನಡೆಯುತ್ತವೆ. ಪದ ಮುಗಿದ ಮೇಲೆ ಎಲ್ಲರೂ ಸ್ಪೇಸ್ ಒತ್ತುತ್ತೇವೆ. ಪಿನ್‌ಯಿನ್‌ನಲ್ಲಿ ಸ್ಪೇಸ್ ಅಂದರೆ 'ಮೊದಲನೆಯದನ್ನೇ ಕೊಡು' ಅಂತ ಅರ್ಥ. ಅದು ಕೊಟ್ಟಿತು. ಅಕ್ಕ ನೋಡದೆ ಬೆಂಗಳೂರಿನ ಗಿರಾಕಿಯೊಬ್ಬರಿಗೆ ಕಳಿಸಿಯೂ ಬಿಟ್ಟಿದ್ದಳು.

"ಶಿಫ್ಟ್ ಗುಂಡಿ ಒಂದ ಸಲ ಒತ್ತಿ ಬಿಡು, ಇಂಗ್ಲಿಷ್ ಬರ್ತೈತಿ" ಎಂದೆ. ಬಂತು. ಮೇಲೆ ಬಲಗಡೆ ಮೂಲೆಯಲ್ಲಿ ಈಗ ಯಾವ ಭಾಷೆ ಅಂತ ತೋರಿಸುತ್ತದೆ, ಟೈಪ್ ಮಾಡುವ ಮೊದಲು ಅಲ್ಲಿ ನೋಡು ಎಂದೂ ಹೇಳಿದೆ. ಅಷ್ಟರಲ್ಲಿ ಅವಳ ಇನ್ನೊಂದು ಫೋನ್ ಟಿಣ್ ಅಂದಿತು. ಗಿರಾಕಿಯ ಉತ್ತರ. ಅಕ್ಕ ಗಟ್ಟಿಯಾಗಿ ಓದಿದಳು: "ಮೇಡಂ, ರೊಟ್ಟಿ ಸರಿ ಇದೆ. ಮೊದಲನೇ ಐಟಂ ಹೊಸದಾ? ಅರ್ಧ ಕೆಜಿ ಸಾಲಲ್ಲ, ಒಂದು ಕೆಜಿ ಮಾಡಿ."