ಬರೀ ರನ್‌ವೇ ಸಾಕಾಗಲ್ಲ
ಅಮೆರಿಕದ ಸಿನ್ಸಿನಾಟಿ ವಿಮಾನ ನಿಲ್ದಾಣವನ್ನು ಮೇಲೆತ್ತಿದ ಕ್ಯಾಂಡೇಸ್ ಮೆಕ್‌ಗ್ರಾ ಬಗ್ಗೆ ಓದಿ ಖುಷಿಯಾಯಿತು. ಆದರೆ ಹೆಂಗಸಾಗಿ ಇಷ್ಟೆಲ್ಲ ಮಾಡಿದರು ಅಂತ ಹೊಗಳುವುದಕ್ಕಿಂತ ಏನು ಮಾಡಿದರು ಅನ್ನುವುದು ಮುಖ್ಯ ಅಲ್ವಾ?

2011ರಲ್ಲಿ ಅವರು ಸಿಇಒ ಆದಾಗ ಡೆಲ್ಟಾ ವಿಮಾನ ಕಂಪನಿ ಅಲ್ಲಿಂದ ವಿಮಾನ ಕಡಿಮೆ ಮಾಡುತ್ತಲೇ ಇತ್ತು. ಹಳೇ ದಿನಗಳು ವಾಪಸ್ ಬರುತ್ತವೆ ಅಂತ ಅವರು ಕಾಯುತ್ತಾ ಕೂರಲಿಲ್ಲ. ಫ್ರಾಂಟಿಯರ್, ಅಲೀಜಿಯಂಟ್‌ನಂಥ ಅಗ್ಗದ ಟಿಕೆಟ್ ಕಂಪನಿಗಳು ಬಂದವು. ಸರಕು ಸಾಗಣೆ ಬೆಳೆಯಿತು. 2017ರಲ್ಲಿ ಅಮೆಜಾನ್ ತನ್ನ ಏರ್ ಹಬ್‌ಗೆ, ಅಂದರೆ ಸರಕು ವಿಮಾನಗಳ ಕೇಂದ್ರಕ್ಕೆ, ಅದೇ ಜಾಗ ಆರಿಸಿತು, 2021ರಲ್ಲಿ ಅದು ಶುರುವೂ ಆಯಿತು.

ನಮ್ಮ ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣಕ್ಕೆ 2007ರಲ್ಲೊಮ್ಮೆ, 2021ರಲ್ಲಿ ಇನ್ನೊಮ್ಮೆ ಅಡಿಗಲ್ಲು ಬಿತ್ತು. ಅಡಿಗಲ್ಲಿಗೇನು, ಬರವಿಲ್ಲ ಬಿಡಿ! ಬೆಂಗಳೂರಿಗೆ ರೈಲಿದೆ, ಒಳ್ಳೇ ಹೆದ್ದಾರಿಯಿದೆ. ಹಾಗಿರುವಾಗ ಹಾಸನದಿಂದ ಬೆಂಗಳೂರಿಗೆ ಯಾರು ಹಾರುತ್ತಾರೆ? ಸರಕು ಅಂದರೂ ಸುಲಭವಿಲ್ಲ. ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ಮಂಗಳೂರಿಗೆ ಹೋಗಿ ಹಡಗು ಹತ್ತುತ್ತದೆ, ಆಲೂಗಡ್ಡೆಗೆ ಲಾರಿಯೇ ಸಾಕು. ಬೇಲೂರು, ಹಳೇಬೀಡು ನೋಡಲು ಮುಂಬೈ, ದೆಹಲಿಯಿಂದ ನೇರವಾಗಿ ಜನ ಬಂದರೆ ಒಂದು ದಾರಿ ಇದೆ. ವಿಮಾನ ಕಂಪನಿಗಳ ಜತೆ ಆ ಮಾತುಕತೆ ಮಾಡುವವರನ್ನು ಈಗಲೇ ನೇಮಿಸಬೇಕು, ಟರ್ಮಿನಲ್‌ಗೆ ಬಣ್ಣ ಬಳಿದ ಮೇಲಲ್ಲ.