ಎಲೆಗೆ ಒಂದೇ ಸಿಹಿ ಸಾಕಲ್ವಾ?

ಕಳೆದ ಜೂನ್ 30ರಂದು ಅಪ್ಪನನ್ನು ಜಪಾನಿನ ಕ್ಯೋಟೋದಲ್ಲಿ ನಾನಿರುವ ಬೀದಿಯ ಸಿಹಿ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪನಿಗೆ ಶುಗರ್ ಬಂದು ಹನ್ನೆರಡು ವರ್ಷ ಆಯಿತು. ಗಾಜಿನ ಪೆಟ್ಟಿಗೆ ಮುಂದೆ ನಿಂತು, "ಒಂದೇ ಒಂದು ಕೊಡ್ತಾರಾ ಕೇಳು" ಅಂದರು. ಅಂಗಡಿಯಾಕೆ ಒಂದೇ ತುಂಡನ್ನು ಪುಟ್ಟ ಡಬ್ಬಿಯಲ್ಲಿಟ್ಟು, ಕಾಗದ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಮನೆ ತಲುಪುವವರೆಗೂ ಅಪ್ಪನಿಗೆ ಅದೇ ಮಾತು. ನಮ್ಮೂರಲ್ಲಿ ಕಾಲು ಕೆಜಿ ಕೇಳಿದರೂ "ಅಷ್ಟೇನಾ ಸಾರ್?" ಅನ್ನುತ್ತಾರಲ್ಲ.

ಅವರು ತಂದದ್ದು ಮಿನಾಜುಕಿ. ವರ್ಷದ ಅರ್ಧ ಮುಗಿಯುವ ದಿನ ಕ್ಯೋಟೋದವರು ತಿನ್ನುವ ಸಿಹಿ. ಹಿಟ್ಟು, ಸಕ್ಕರೆ ಕಲಸಿ ಹಬೆಯಲ್ಲಿ ಬೇಯಿಸಿದ ಬಿಳಿ ಪದರ, ಮೇಲೆ ಕೆಂಪು ಅಜುಕಿ ಕಾಳು. ತ್ರಿಕೋನವಾಗಿ ಕತ್ತರಿಸಿರುತ್ತಾರೆ. ಹಿಂದೆ ಬೇಸಿಗೆಯಲ್ಲಿ ಮಂಜುಗಡ್ಡೆ ಸಿಗುತ್ತಿದ್ದದ್ದು ಅರಮನೆಯವರಿಗೆ. ಉಳಿದವರು ಅದೇ ಆಕಾರದಲ್ಲಿ ಸಿಹಿ ಮಾಡಿ ತಿಂದರಂತೆ. ಅಪ್ಪ ಮರದ ಕಡ್ಡಿಯಲ್ಲಿ ಸಣ್ಣ ಸಣ್ಣ ಚೂರು ಮಾಡಿಕೊಂಡು, ಕಹಿ ಗ್ರೀನ್ ಟೀ ಜೊತೆ ಹತ್ತು ನಿಮಿಷ ತಿಂದರು. "ಹಾಲುಬಾಯಿ ಥರಾನೇ ಇದೆ, ಸಿಹಿ ಕಮ್ಮಿ." ತಟ್ಟೆ ಖಾಲಿಯಾಯಿತು. ಇನ್ನೊಂದು ಹಾಕೋಕೆ ಯಾರೂ ಬರಲಿಲ್ಲ.

ಶ್ರಾವಣದಲ್ಲಿ ಊರಿಗೆ ಹೋದೆ. ನೆಂಟರ ಮನೆ ಗೃಹಪ್ರವೇಶ. ಅಪ್ಪ ಎಲೆಯ ಮೇಲೆ ಕೈ ಅಡ್ಡ ಹಿಡಿದಿದ್ದರು. ಆ ಕೈ ಸರಿಸಿ ಎರಡನೇ ಹೋಳಿಗೆ ಬಿತ್ತು, ಮೇಲೆ ಒಂದು ಸೌಟು ತುಪ್ಪ. "ಇವತ್ತೊಂದು ದಿನ ಏನಾಗಲ್ಲ, ಒಂದು ಮಾತ್ರೆ ಜಾಸ್ತಿ ತಗೊಳ್ಳಿ." ಮೂರನೆಯದೂ ಬಂತು. ಎಲೆಯಲ್ಲಿ ಬಿಡಬಾರದು ಅಂತ ಅಪ್ಪ ತಿಂದರು. ನನಗೆ ಅವತ್ತು ನಿಜವಾಗಿ ಸಿಟ್ಟು ಬಂತು. ಅವರು ಬೇಡ ಅಂದದ್ದು ಯಾರಿಗೂ ಕೇಳಿಸಲೇ ಇಲ್ಲವಾ?

ಬೇಳೆಯಲ್ಲಿ ಸಿಹಿ ಮಾಡುವ ಗುಟ್ಟು ಎರಡೂ ಕಡೆ ಒಂದೇ. ಅಜುಕಿ ನಮ್ಮ ಹೆಸರುಕಾಳು, ಅಲಸಂದೆಯ ಬಳಗದ್ದೇ. ಅದನ್ನು ಬೇಯಿಸಿ, ಸಕ್ಕರೆ ಹಾಕಿ ಗಟ್ಟಿಯಾಗುವವರೆಗೆ ಮಗುಚಿದರೆ ಅಂಕೊ. ಅಂದರೆ ಹೂರಣ! ಅದನ್ನು ಮೋಚಿಯೊಳಗೆ, ಅಂದರೆ ಅಂಟು ಅಕ್ಕಿಯ ಮೆತ್ತನೆ ಮುದ್ದೆಯೊಳಗೆ, ತುಂಬಿದರೆ ದೈಫುಕು. ಅನ್ನದ ಉಂಡೆಗೆ ಮೆತ್ತಿದರೆ ಒಹಾಗಿ. ಸೆಪ್ಟೆಂಬರಿನಲ್ಲಿ, ಹೆಚ್ಚುಕಮ್ಮಿ ನಮ್ಮ ಪಿತೃಪಕ್ಷದ ಹೊತ್ತಿಗೇ, ಇವರೂ ಹಿರಿಯರಿಗೆ ಒಹಾಗಿ ಇಡುತ್ತಾರೆ. ಇವ್ಯಾವುದಕ್ಕೂ ತುಪ್ಪ ಇಲ್ಲ, ಎಣ್ಣೆ ಇಲ್ಲ. ಒಂದು ತುಂಡು ಅಂಗೈ ನಡುವೆ ಕೂರುತ್ತದೆ. ಎಷ್ಟೋ ಸಿಹಿಗಳಿಗೆ ಅವುಗಳದ್ದೇ ಕಾಲ ಬೇರೆ. ಉಪ್ಪಿನಲ್ಲಿಟ್ಟ ಚೆರಿ ಎಲೆ ಸುತ್ತಿದ ಸಕುರಾಮೋಚಿ ವಸಂತಕ್ಕೆ, ಓಕ್ ಎಲೆಯ ಕಾಶಿವಾಮೋಚಿ ಮೇ 5ಕ್ಕೆ. ಜನ ಕಾಯುತ್ತಾರೆ. ನಮ್ಮಲ್ಲಿ ಯುಗಾದಿಗೆ ಕಾಯುತ್ತಿದ್ದ ಹೋಳಿಗೆ ಈಗ ಬೆಂಗಳೂರಿನ ರಸ್ತೆ ರಸ್ತೆಯಲ್ಲಿ ದಿನವೂ ಸಿಗುತ್ತದೆ.

ಹಾಗಂತ ಅಂಕೊ ಏನು ಔಷಧಿಯಲ್ಲ. ಅದಕ್ಕೆ ಬೀಳುವ ಸಕ್ಕರೆ ಬೇಳೆಯಷ್ಟೇ ಇರುತ್ತದೆ, ನಮ್ಮ ಹೂರಣಕ್ಕೆ ಬೆಲ್ಲ ಬಿದ್ದ ಹಾಗೆ. ಮೂರು ಮಿನಾಜುಕಿ ತಿಂದರೆ ಅಪ್ಪನ ಶುಗರ್ ಅಲ್ಲೂ ಏರುತ್ತಿತ್ತು. ಎಲ್ಲಾ ಇರುವುದು ಆ ಒಂದರಲ್ಲಿ.

ಇನ್ನೊಂದು ಮಾತನ್ನೂ ಹೇಳಬೇಕು. ಅಪ್ಪ ಊರಿಗೆ ವಾಪಸ್ ಹೋದ ಮೇಲೆ ಅದೇ ಅಂಗಡಿಯಿಂದ ಒಂದು ದೈಫುಕು ತಂದು ಒಬ್ಬನೇ ಕೂತು ತಿಂದೆ. ರುಚಿಯಾಗಿತ್ತು. "ಇನ್ನೊಂದು ಹಾಕ್ಲಾ?" ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅಂತಿದ್ದೆ. ಆದರೂ ಕೇಳಬೇಕಿತ್ತು ಅನಿಸಿತು.

ಹೋದ ವಾರ ಅಪ್ಪ ಫೋನಿನಲ್ಲಿ, "ಬರುವಾಗ ಆ ತ್ರಿಕೋನದ್ದು ಒಂದು ತಗೊಂಡು ಬಾ" ಅಂದರು. ಅದು ಅಲ್ಲಿವರೆಗೆ ಉಳಿಯಲ್ಲ ಅಂದೆ. ಅಂಕೊವನ್ನು ಅಗರ್ ಹಾಕಿ ಗಟ್ಟಿ ಮಾಡಿದ ಯೋಕಾನ್ ಆದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಪ್ಯಾಕ್ ಮಾಡಿ ಇಟ್ಟಿದ್ದೇನೆ. ತೆಳ್ಳಗೆ ಕತ್ತರಿಸಿ ಕೊಡಬೇಕು ಅಂತ ಅಮ್ಮನಿಗೆ ಹೇಳಿದ್ದೇನೆ. ಅಮ್ಮ ಹೂಂ ಅಂದಿದ್ದಾರೆ.