ಇಮ್ಯುನಿಟಿ ಹೆಚ್ಚಿಸೋ ಮೊದಲು, ರೋಗ ಯಾವುದು ಅಂತ ಕೇಳಿ

ಇಳಕಲ್ಲಿನಲ್ಲಿ ನಂದೊಂದು ಔಷಧಿ ಅಂಗಡಿ ಇದೆ. ಕೊರೋನಾ ಕಾಲ ಮುಗಿದು ಇಷ್ಟು ವರ್ಷ ಆದರೂ "ಅಣ್ಣಾರ, ಇಮ್ಯುನಿಟಿ ಹೆಚ್ಚಾಗೋದು ಏನರ ಕೊಡ್ರಿ" ಅಂತ ಕೇಳುವವರು ಕಡಿಮೆ ಆಗಿಲ್ಲ. ಯಾರಿಗೆ ಅಂತ ಕೇಳಿದರೆ ಒಬ್ಬರ ಮನೆಯಲ್ಲಿ ಪದೇ ಪದೇ ನೆಗಡಿ ಆಗುವ ಮಗು. ಇನ್ನೊಬ್ಬರ ಅತ್ತೆಗೆ ಕೀಲು ಬೇನೆ. ಮತ್ತೊಬ್ಬರ ಅಪ್ಪನಿಗೆ ಶುಗರ್, ಕಾಲಿನ ಗಾಯ ಮಾಯುತ್ತಿಲ್ಲ. ಮೂವರಿಗೂ ಒಂದೇ ಡಬ್ಬಿ ಬೇಕು. ನಾನು ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ ಅಂತ ಕೌಂಟರಿನಲ್ಲಿ ನಿಂತು ಹೇಳಲು ಪುರಸೊತ್ತು ಸಿಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದೇಹದ ರಕ್ಷಣೆ ಕೆಡುವುದು ಒಂದೇ ರೀತಿಯಲ್ಲಿ ಅಲ್ಲ. ಕೆಲವು ಕಾಯಿಲೆಗಳಲ್ಲಿ ಅದು ಕುಗ್ಗುತ್ತದೆ. ಇನ್ನು ಕೆಲವುದರಲ್ಲಿ ದಾರಿ ತಪ್ಪಿ ನಮ್ಮ ಮೈಯನ್ನೇ ತಿನ್ನಲು ಶುರು ಮಾಡುತ್ತದೆ. ಒಲೆ ಉರಿ ಸಾಲದಿದ್ದರೆ ಕಟ್ಟಿಗೆ ಹಾಕಬೇಕು, ಸರಿ. ಚಪ್ಪರಕ್ಕೇ ಬೆಂಕಿ ಹತ್ತಿದಾಗಲೂ ಕಟ್ಟಿಗೆ ಹಾಕುತ್ತೀರಾ?

ನಮ್ಮೂರಿನ ನೇಕಾರರ ಮನೆಗಳಲ್ಲಿ ಇದು ನನಗೆ ಕಣ್ಣಿಗೆ ಕಟ್ಟುವ ಹಾಗೆ ಕಾಣುತ್ತದೆ. ಇಳಕಲ್ ಸೀರೆಯ ಮೈ ಮತ್ತು ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಸೇರಿಸುವುದಕ್ಕೆ ಕೊಂಡಿ ಹಾಕುವುದು ಅಂತಾರೆ. ಪೂರ್ತಿ ಬೆರಳ ತುದಿಯ ಕೆಲಸ. ಹಾಗೆ ಕೊಂಡಿ ಹಾಕುತ್ತಿದ್ದ ಅಕ್ಕ ಒಬ್ಬರು ನನ್ನ ಅಂಗಡಿಗೆ ಬರುತ್ತಾರೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟು, ಹೊತ್ತು ಮೇಲೇರಿದ ಮೇಲೆಯೇ ಎಳೆ ಹಿಡಿಯಲು ಆಗುತ್ತಿತ್ತು. ಎರಡೂ ಕೈಯ ಬೆರಳ ಗೆಣ್ಣುಗಳು ಊದಿದ್ದವು. ಮನೆಯವರು ವಾತ ಅಂದರು, ಅಕ್ಕಪಕ್ಕದವರು ಶಕ್ತಿ ಕಡಿಮೆ ಆಗಿದೆ ಅಂದರು. ರಕ್ತ ಪರೀಕ್ಷೆ ಮಾಡಿಸಿದಾಗ ರುಮಟಾಯ್ಡ್ ಆರ್ಥ್ರೈಟಿಸ್. ಅಂದರೆ ಕೀಲಿನ ಒಳಪದರವನ್ನು ರೋಗನಿರೋಧಕ ಕಣಗಳು ಶತ್ರು ಅಂದುಕೊಂಡು ಕೊರೆಯುತ್ತಿವೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಜಾಸ್ತಿ. ಇವರಿಗೆ ಬೇಕಿರುವುದು ಆ ಹುಚ್ಚು ದಾಳಿಯನ್ನು ತಗ್ಗಿಸುವ ಔಷಧ. ಅವರಿಗೆ ಅದಕ್ಕೂ ಮೊದಲು ಸಿಕ್ಕಿದ್ದು ಮಾತ್ರ ಅಶ್ವಗಂಧದ ಪುಡಿ. ಹೀಗೆ ರಕ್ಷಣೆಯೇ ಮೈಯನ್ನು ತಿನ್ನುವ ಆಟೊಇಮ್ಯೂನ್ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ತಗೋಬಾರದು.

ಅಮೃತಬಳ್ಳಿ ಕಷಾಯದ ಕಥೆಯೂ ನೆನಪಿರಬಹುದು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಕುಡಿದ ಕೆಲವರಲ್ಲಿ ಲಿವರ್ ಕೆಟ್ಟಿದ್ದನ್ನು ವರದಿ ಮಾಡಿದರು. ಅವರಲ್ಲಿ ಕೆಲವರಿಗೆ ಥೈರಾಯ್ಡ್‌ನಂಥ ಆಟೊಇಮ್ಯೂನ್ ತೊಂದರೆ ಮೊದಲೇ ಇತ್ತು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಮೈಯಲ್ಲಿ ಏನೋ ಮಾಡುವ ಶಕ್ತಿ ಇರುವ ವಸ್ತುವಿಗೆ ಕೆಡುಕು ಮಾಡುವ ಶಕ್ತಿಯೂ ಇರುತ್ತದೆ. ಹಿತ್ತಲಲ್ಲಿ ಬೆಳೆದಿದೆ ಅಂತ ಅದಕ್ಕೆ ವಿನಾಯಿತಿ ಇಲ್ಲ.

ಆದರೆ ನನಗೆ ಸಿಟ್ಟು ಬರುವುದು ಪುಡಿ, ಕಷಾಯದ ಮೇಲೆ ಅಲ್ಲ. ಹೆಸರಿಲ್ಲದ ಗುಳಿಗೆಗಳ ಮೇಲೆ. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಸಣ್ಣ ಬಿಳಿ ಗುಳಿಗೆ, ಸ್ಟ್ರಿಪ್ ಇಲ್ಲ, ಚೀಟಿ ಇಲ್ಲ. "ಇದನ್ನ ತಗೊಂಡ್ರ ಎರಡು ದಿನದಾಗ ಬ್ಯಾನಿ ಮಾಯ ಆಗ್ತೈತ್ರಿ, ಇಂಥಾದ್ದ ಕೊಡ್ರಿ" ಅಂತ ತಂದು ತೋರಿಸುತ್ತಾರೆ. ಬಹಳ ಸಲ ಅದು ಸ್ಟೆರಾಯ್ಡ್ ಇರುತ್ತದೆ ಅನ್ನುವುದು ಅವರ ಮುಖ ನೋಡಿದರೇ ಗೊತ್ತಾಗುತ್ತದೆ. ಕೆನ್ನೆ ಊದಿ ಮುಖ ಗುಂಡಗಾಗಿರುತ್ತದೆ, ಕೈಕಾಲು ಸಣಕಲಾಗಿರುತ್ತವೆ, ಸುಮ್ನೆ ತಾಗಿದರೂ ಚರ್ಮ ಕಂದುತ್ತದೆ. ಸ್ಟೆರಾಯ್ಡ್ ಕೆಟ್ಟ ಔಷಧ ಅಲ್ಲ. ಅದು ಲೂಪಸ್ ಎಂಬ ಆಟೊಇಮ್ಯೂನ್ ಕಾಯಿಲೆಯ ರೋಗಿಯ ಕಿಡ್ನಿ ಉಳಿಸುತ್ತದೆ, ಆಸ್ತಮಾದಲ್ಲಿ ಜೀವ ಉಳಿಸುತ್ತದೆ. ಆದರೆ ತಪ್ಪು ದಾಳಿಯ ಜೊತೆಗೆ ಬೇಕಾದ ರಕ್ಷಣೆಯನ್ನೂ ಅದು ತಗ್ಗಿಸುತ್ತದೆ. ಜ್ವರವನ್ನೂ ಮುಚ್ಚಿಡುತ್ತದೆ. ಸೋಂಕು ಒಳಗೊಳಗೇ ಬೆಳೆದರೂ ಮೈ ಬಿಸಿ ಆಗುವುದಿಲ್ಲ.

ಇಲ್ಲಿಯೇ ಟಿಬಿ ಬರುತ್ತದೆ. ಜಗತ್ತಿನ ಸುಮಾರು ಕಾಲು ಭಾಗ ಜನರಿಗೆ ಟಿಬಿ ಬ್ಯಾಕ್ಟೀರಿಯಾದ ಸೋಂಕು ತಗಲಿದೆ ಅಂತ ಅಂದಾಜು. ಹೆಚ್ಚಿನವರಲ್ಲಿ ಅದು ರೋಗ ಆಗುವುದೇ ಇಲ್ಲ, ರಕ್ಷಣಾ ಕಣಗಳು ಅದನ್ನು ಸುತ್ತುವರಿದು ಕೂರಿಸಿರುತ್ತವೆ. ಆ ಕಣಗಳು ಸೋತಾಗ ಅದು ಏಳುತ್ತದೆ. ಸ್ಟೆರಾಯ್ಡ್‌ನಿಂದ ಸೋಲಬಹುದು, ಹತೋಟಿಗೆ ಬಾರದ ಶುಗರ್‌ನಿಂದ ಸೋಲಬಹುದು, ಎಚ್‌ಐವಿಯಿಂದ ಸೋಲಬಹುದು. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಅದರ ಔಷಧವಾದ ಆಂಫೊಟೆರಿಸಿನ್ ಇಂಜೆಕ್ಷನ್ನಿಗೆ ಜನ ಊರೂರು ಅಲೆದರು. ಆ ಶಿಲೀಂಧ್ರ ಮಣ್ಣಿನಲ್ಲಿ, ಗಾಳಿಯಲ್ಲಿ ಯಾವಾಗಲೂ ಇದ್ದದ್ದೇ. ಹೆಚ್ಚಾಗಿ ಅದಕ್ಕೆ ಸಿಕ್ಕಿಬಿದ್ದವರು ಏರಿದ ಶುಗರ್ ಇದ್ದವರು, ಸ್ಟೆರಾಯ್ಡ್ ತಗೊಂಡವರು.

ಎಚ್‌ಐವಿ ಅಂದ ಕೂಡಲೇ ಜನ ದನಿ ತಗ್ಗಿಸುತ್ತಾರೆ. ಬಾಗಲಕೋಟೆ, ಬೆಳಗಾವಿ, ವಿಜಯಪುರದ ನಾವಂತೂ ಹಾಗೆ ಮಾಡಬಾರದು. ಈ ರೋಗ ಹೆಚ್ಚಿದ್ದ ಜಿಲ್ಲೆಗಳಲ್ಲಿ ನಮ್ಮ ಹೆಸರು ಬಹಳ ವರ್ಷ ಇತ್ತು. ರಕ್ಷಣೆಯ ಕೆಲಸಕ್ಕೆ ಉಳಿದ ಕಣಗಳನ್ನು ಹೊಂದಿಸುವ ಸಿಡಿ4 ಕಣಗಳ ಒಳಗೇ ಈ ವೈರಸ್ ಹೊಕ್ಕು ಕೊಲ್ಲುತ್ತದೆ. ಆರೋಗ್ಯವಂತರಲ್ಲಿ ಒಂದು ಮೈಕ್ರೊಲೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಇರಬೇಕಾದ ಅವು 200ಕ್ಕಿಂತ ಕೆಳಗೆ ಇಳಿದರೆ ಸಾಮಾನ್ಯ ಸೋಂಕೂ ಜೀವ ತೆಗೆಯಬಹುದು. 2004ರಿಂದ ಈ ವೈರಸ್ಸನ್ನು ತಗ್ಗಿಸುವ ಎಆರ್‌ಟಿ ಗುಳಿಗೆ ಸರಕಾರದಿಂದ ಉಚಿತ. 2017ರಿಂದ ಸಿಡಿ4 ಎಷ್ಟೇ ಇರಲಿ, ರೋಗ ಗೊತ್ತಾದ ಕೂಡಲೇ ಚಿಕಿತ್ಸೆ ಶುರು. ಬಿಡದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿದರೆ ಗಂಡ-ಹೆಂಡತಿ ಕೂಡುವುದರಿಂದ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇದನ್ನು ಮದುವೆ ಮನೆಯಲ್ಲೂ ಜೋರಾಗಿ ಹೇಳಬೇಕು ಅನ್ನುವವನು ನಾನು. ಹೀಗಿರುವಾಗ ಯಾರೋ ಹೇಳಿದರು ಅಂತ ಎಆರ್‌ಟಿ ಬಿಟ್ಟು ಶಕ್ತಿ ಬರುವ ಲೇಹ್ಯ ಹಿಡಿದವರನ್ನು ಕಂಡರೆ ಸಂಕಟ ಆಗುತ್ತದೆ.

ದಡಾರದ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅಮ್ಮ ಬಂದಳು, ಹೋದಳು, ಮುಗೀತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಲಸಿಕೆ ಹಾಕಿಸದ ಮಕ್ಕಳ ಮೇಲೆ ನೆದರ್ಲೆಂಡ್ಸ್‌ನಲ್ಲಿ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬೇರೆ ರೋಗಗಳ ವಿರುದ್ಧ ಆ ಮಕ್ಕಳ ರಕ್ತದಲ್ಲಿದ್ದ ಪ್ರತಿಕಾಯಗಳಲ್ಲಿ, ಅಂದರೆ ರೋಗಾಣುವನ್ನು ಗುರುತು ಹಿಡಿದು ಹೊಡೆಯಲು ಮೈ ಮಾಡಿಕೊಂಡ ಅಸ್ತ್ರಗಳಲ್ಲಿ, ಶೇ. 11ರಿಂದ 73ರಷ್ಟು ದಡಾರದ ನಂತರ ಅಳಿಸಿಹೋಗಿದ್ದವು. ಮೈ ಕಲಿತಿದ್ದರಲ್ಲಿ ಎಷ್ಟನ್ನೋ ಮರೆತುಬಿಡುತ್ತದೆ. ಅಂಗನವಾಡಿಯಲ್ಲಿ ದಡಾರ-ರುಬೆಲ್ಲಾ ತಡೆಯುವ ಎಂಆರ್ ಲಸಿಕೆಯ ಎರಡು ಡೋಸ್ ಪುಕ್ಕಟೆ ಸಿಗುತ್ತದೆ, ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ನಿಜವಾದ ಇಮ್ಯುನಿಟಿ ಬೇಕಾದವರು ಅದನ್ನು ಕೇಳಿ ಪಡೆಯಲಿ.

ಸೋಂಕು ವಾಸಿಯಾದ ಮೇಲೂ ರಕ್ಷಣೆ ದಾರಿ ತಪ್ಪಬಹುದು. 2025ರ ಜನವರಿಯಲ್ಲಿ ಪುಣೆಯಲ್ಲಿ ಗಿಯಾನ್-ಬಾರೆ ಕಾಯಿಲೆ ಕಾಣಿಸಿಕೊಂಡಾಗ ಅಲ್ಲಿ ಮಕ್ಕಳಿರುವ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಗಾಬರಿ ಆಗಿತ್ತು. ಕಲುಷಿತ ನೀರು, ಭೇದಿ, ಆಮೇಲೆ ಕಾಲು ಸೋಲುವುದು. ಭೇದಿ ತರುವ ಬ್ಯಾಕ್ಟೀರಿಯಾವನ್ನು ಹೊಡೆಯಲು ಹುಟ್ಟಿದ ಪ್ರತಿಕಾಯಗಳು ಅದನ್ನೇ ಹೋಲುವ ನರದ ಹೊದಿಕೆಯನ್ನೂ ಹೊಡೆಯುತ್ತವೆ. ಮಕ್ಕಳಲ್ಲಿ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಬೇನೆ ಆದ ಎರಡು-ಮೂರು ವಾರಕ್ಕೆ ಕೀಲು ಊದಿ, ಹೃದಯದ ಕವಾಟ ಕೆಡುವ ರುಮ್ಯಾಟಿಕ್ ಜ್ವರದಲ್ಲೂ ಇಂಥದ್ದೇ ಆಗುತ್ತದೆ. ಗಂಟಲು ಬೇನೆಗೆ ಡಾಕ್ಟರ್ ಆಂಟಿಬಯಾಟಿಕ್ ಹತ್ತು ದಿನ ಬರೆದಿದ್ದರೆ ಹತ್ತೂ ದಿನ ಕೊಡಿ. ನಾಲ್ಕೇ ಗುಳಿಗೆ ಸಾಕು ಅಂತ ನನ್ನ ಹತ್ತಿರ ಚೌಕಾಶಿ ಮಾಡಬೇಡಿ.

ಆ ಕೊಂಡಿ ಹಾಕುವ ಅಕ್ಕ ಈಗ ಆ ತಪ್ಪು ದಾಳಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಗುಳಿಗೆ ತಗೊಳ್ಳುತ್ತಾರೆ. ಕೀಲಿನ ಈ ಕಾಯಿಲೆಗೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ಅಸ್ಥಿಮಜ್ಜೆ ಸೋತು ಜೀವಕ್ಕೇ ಕುತ್ತು. ಅದಕ್ಕೆ ಕವರಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ "ಸೋಮವಾರ ಮಾತ್ರ" ಅಂತ ಬರೆಯುತ್ತೇನೆ, ಅವರ ಮಗಳಿಂದ ಓದಿಸುತ್ತೇನೆ. ರಕ್ತ ಪರೀಕ್ಷೆ ತಪ್ಪಿಸಬೇಡಿ, ವಾರಗಟ್ಟಲೆ ಕೆಮ್ಮು ಬಂದರೆ ಟಿಬಿ ಇದೆಯಾ ಅಂತ ಕಫ ಪರೀಕ್ಷೆ ಮಾಡಿಸಿ ಅಂತಲೂ ಹೇಳಿದ್ದೇನೆ.

ನಿಮ್ಮ ಮನೆಯಲ್ಲಿ ಯಾರಾದರೂ ಹೆಸರಿಲ್ಲದ ಬೇನೆ ಗುಳಿಗೆ ತಿಂಗಳಗಟ್ಟಲೆ ನುಂಗುತ್ತಿದ್ದರೆ, ಇದನ್ನು ಓದಿ ಇವತ್ತೇ ಕಸಿದು ಎಸೆಯಬೇಡಿ. ಬಹಳ ದಿನ ಸ್ಟೆರಾಯ್ಡ್ ತಗೊಂಡರೆ ದೇಹ ತನ್ನದೇ ಸ್ಟೆರಾಯ್ಡ್ ಮಾಡುವುದನ್ನು ನಿಲ್ಲಿಸಿರುತ್ತದೆ. ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ ಆಗಬಹುದು. ಆ ಪೊಟ್ಟಣವನ್ನು ಹಾಗೇ ಜಿಲ್ಲಾ ಆಸ್ಪತ್ರೆಗೋ ಒಳ್ಳೆಯ ಫಿಜಿಶಿಯನ್ ಹತ್ತಿರವೋ ತಗೊಂಡು ಹೋಗಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಅಂತ ಮುಚ್ಚಿಡದೆ ಹೇಳಿ. ಅವರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.